ಕಿವಿಗುರುತಿನ ನಮೂನೆ

ಎಲ್ಲಕ್ಕೂ ಮೊದಲು ಗೆರೆಗಳನ್ನು ಅಳಿಸಬೇಕು.
ನನಗಿಂತ ಹಿಂದೆ ಈ ಕುರ್ಚಿಯಲ್ಲಿ ಕೂತಿದ್ದ ಸೊಲ್‌ವೈಗ್
ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ
ಅಂಡರ್‌ಸ್ಕೋರ್ ಕೀಲಿ ಅದುಮಿ ಹಿಡಿದು ಎಳೆದ ಗೆರೆಗಳು.
ವರ್ಡ್ ಕಡತದಲ್ಲಿ ಅವುಗಳ ಮೇಲೆ ಹೆಸರು ಟೈಪು ಮಾಡಿದರೆ
ಗೆರೆ ಬಲಕ್ಕೆ ಒತ್ತರಿಸಿಕೊಳ್ಳುತ್ತದೆ,
ಬೆಂಚಿನಲ್ಲಿ ಹೊಸಬನಿಗೆ ಜಾಗ ಬಿಟ್ಟ ಹಾಗೆ;
ಕೊನೆಗೆ ತುದಿಯಲ್ಲಿದ್ದವನು ಧೊಪ್ಪನೆ
ಕೆಳಸಾಲಿಗೆ.

ಕೌಟೊಕೈನೊ, ಜನವರಿ.
ಹತ್ತೂವರೆಗೆ ನಸುಕು, ಒಂದೂವರೆಗೆ ಮುಗಿಯಿತು ದಿನ.
ಆಲ್ತಾದ ದೊಡ್ಡ ಕಚೇರಿಯಿಂದ ಆದೇಶ:
ತಿಂಗಳೊಳಗೆ ಎಲ್ಲ ನಮೂನೆಗಳೂ
ಪರದೆಯ ಮೇಲೇ ತುಂಬುವಂತಾಗಬೇಕು.

ಸರಿ. ಗೆರೆ ಹೋಯಿತು, ಖಾನೆ ಬಂತು.
ಒಂದೊಂದಕ್ಕೂ ಒಂದು ಒಳಹೆಸರು, ಒಂದು ಅಳತೆ,
ಟ್ಯಾಬ್ ಒತ್ತಿದರೆ ಎಲ್ಲಿಂದ ಎಲ್ಲಿಗೆ ಜಿಗಿಯಬೇಕೆಂಬ ಕ್ರಮ.
ಮೊದಲ ಸಲ ಒತ್ತಿದಾಗ ಹೆಸರಿನಿಂದ ಸೀದಾ
ಸಹಿಗೆ ಹಾರಿತು,
ನಡುವಿನ ಬದುಕನ್ನೆಲ್ಲ ಬಿಟ್ಟು.
ತಿದ್ದಿದೆ.
ನಮ್ಮ ಸಾಮಿ ಅಕ್ಷರಗಳಿಗೆ
ತಲೆಯ ಮೇಲೊಂದು ಕಡ್ಡಿ, ಎದೆಗೊಂದು ಅಡ್ಡಗೀಟು;
ಅವರ ಫಾಂಟಿಗೆ ಅದು ಗೊತ್ತಿಲ್ಲ,
ಗೊತ್ತಿಲ್ಲದ ಕಡೆಯೆಲ್ಲ ಪುಟ್ಟ ಖಾಲಿ ಚೌಕ ಇಡುತ್ತದೆ.
ಖಾನೆಯೊಳಗೆ ಖಾನೆ.
ಅಷ್ಟನ್ನು ಸರಿಮಾಡುವುದರಲ್ಲೇ ಮಂಗಳವಾರ ಕಳೆಯಿತು.

ಐದನೆಯ ಪ್ರಶ್ನೆ: ಕಿವಿಯ ಗುರುತು ವಿವರಿಸಿ.
ಇನ್ನೂರು ಅಕ್ಷರ ಮೀರದಂತೆ.

ಯೊವ್ನಾ ಬಂದ, ಬೂಟಿನ ಹಿಮವನ್ನೂ ಕೊಡವದೆ.
"ಪರೀಕ್ಷೆಗೆ ನಿನ್ನದನ್ನೇ ಹೇಳು" ಅಂದೆ.
ಆತ ಪರದೆ ನೋಡಲಿಲ್ಲ. ಪ್ರಿಂಟರಿನ ಪಕ್ಕ ಬಿದ್ದಿದ್ದ
ಹಳೆಯ ನಮೂನೆಯೊಂದನ್ನು ಎತ್ತಿ ನಡುವೆ ಹರಿದ,
ಸೊಂಟದ ಚೂರಿ ತೆಗೆದ,
ಚಕ್, ಚಕ್, ಇನ್ನೊಂದು ಓರೆಯಾಗಿ, ಚಕ್.
ಇದು ಎಡಗಿವಿ. ಇದು ಬಲಗಿವಿ.
ಮೇಜಿನ ಮೇಲೆ ಹಿಮಸಾರಂಗವೊಂದು
ತಲೆಯೆತ್ತಿ ಆಲಿಸಿದ ಹಾಗೆ.
"ಇನ್ನೂರು ಅಕ್ಷರ ಯಾಕೆ?" ಅಂದ.
ಚಿತ್ರಕ್ಕೊಂದು ಖಾನೆ ಸೇರಿಸಿದೆ; ಆಲ್ತಾದವರು ಕೇಳಿರಲಿಲ್ಲ.

ಆರನೆಯದು: ಹಿಮಸಾರಂಗಗಳ ಸಂಖ್ಯೆ.
ಕೆಂಪು ನಕ್ಷತ್ರ. ಕಡ್ಡಾಯ.

ಯೊವ್ನಾ ಕಿಟಕಿಯ ಕಡೆ ತಿರುಗಿದ.
ನಮ್ಮಲ್ಲಿ ಇದನ್ನು ಕೇಳುವವರಿಲ್ಲ. ಕೇಳಿದರೆ
ಬ್ಯಾಂಕಿನ ಪುಸ್ತಕ ತೆರೆದು ತೋರಿಸು ಅಂದಂತೆ.
ಕಾಗದವಿದ್ದಾಗ ಜನ ಆ ಗೆರೆಯ ಮೇಲೆ
"ಒಂದಿಷ್ಟು" ಎಂದು ಬರೆಯುತ್ತಿದ್ದರು;
"ಮರದ ಎರಡೂ ಬದಿಗೆ" ಎಂದು ಬರೆದವನೂ ಇದ್ದ.
ಸೊಲ್‌ವೈಗ್ ಅದನ್ನೆಲ್ಲ ಹಾಗೇ ಫೈಲಿಗೆ ಸೇರಿಸುತ್ತಿದ್ದಳು.
ಈ ಖಾನೆಗೆ ತಿಳಿಯುವುದು ಅಂಕಿ ಮಾತ್ರ.

ಅವನು ಹೋದ ಮೇಲೆ ನನ್ನದೇ ವಿವರ ತುಂಬಿ ನೋಡಿದೆ.
ಹೆಸರು: ರಿಸ್ತೆನ್.
ಗುರುತು: ಇದೆ. ಹೆಸರಿಟ್ಟ ದಿನ ಅಜ್ಜಿ ಕೊಟ್ಟದ್ದು,
ಬಲಗಿವಿಗೆ ಕವಲು, ಎಡಗಿವಿಗೆ ಎರಡು ಕಚ್ಚು.
ಸಂಖ್ಯೆ:
ಸೊನ್ನೆ ಒತ್ತಿದೆ.
ಸರಿಯಾದ ಸಂಖ್ಯೆ ನಮೂದಿಸಿ, ಅಂದಿತು ಪರದೆ.
ಮತ್ತೆ ಒತ್ತಿದೆ. ಮತ್ತೆ ಅದೇ ಮಾತು, ಅದೇ ಕೆಂಪು,
ಸಿಟ್ಟಿಲ್ಲ, ಮರುಕವೂ ಇಲ್ಲ.

ಕಡೆಯವನ್ನು ಮಾರಿ ಬಂದ ದಿನ ಅಪ್ಪ
ಚೂರಿ ಒರೆಸಿಟ್ಟು ಊಟಕ್ಕೆ ಕೂತಿದ್ದ.
ಎಷ್ಟಿದ್ದವು ಎಂದು ನಾವು ಯಾರೂ ಕೇಳಲಿಲ್ಲ.
ಸಾರು ಚೆನ್ನಾಗಿದೆ ಅಂದೆವು.

ನಿಯಮಗಳ ಪಟ್ಟಿ ತೆರೆದೆ. "ಕಡ್ಡಾಯ" ತೆಗೆದೆ,
"ಅಂಕಿ ಮಾತ್ರ" ತೆಗೆದೆ.
ಖಾನೆಯನ್ನು ಒಂದಿಷ್ಟು ಅಗಲ ಮಾಡಿದೆ,
ಮರವೊಂದು ಎರಡೂ ಬದಿಯೊಡನೆ ಹಿಡಿಸುವಷ್ಟು.
ಆಲ್ತಾದಿಂದ ಫೋನು ಬಂದೀತು. ಬರಲಿ.

ಮನೆಗೆ ಬಂದು ಬೂಟು ಕಳಚಿದರೆ ಕಾಲುಚೀಲಕ್ಕೆ ಅಂಟಿಕೊಂಡು
ಯೊವ್ನಾನ ಚೂರಿಯಿಂದ ಹಾರಿದ ಕಾಗದದ ತ್ರಿಕೋನ,
ಅದರ ಮೇಲೆ ಅರ್ಧ ಗೆರೆ,
ಸೊಲ್‌ವೈಗ್ ಎಳೆದದ್ದು.