ಒಂದು ವಾರದ ಮಟ್ಟಿಗೆ

ಕೊಂಡಿಲ್ಲ ಇನ್ನೂ. ಕಡ ತಂದದ್ದು.
ಪಕ್ಕದ ಮನೆಯ ಕೋಸಿಮೊ ತನ್ನ ಶೆಡ್ಡಿನಲ್ಲಿ
ಟೊಮೇಟೊ ಸಸಿಗಳ ಹಿಂದಿನಿಂದ ಎಳೆದು ಕೊಟ್ಟ
ಹಸಿರು ಸೈಕಲ್ಲು. ಮುಂದೊಂದು ಬುಟ್ಟಿ,
ಬುಟ್ಟಿಯ ತಳದಲ್ಲಿ ಹೋದ ವರ್ಷದ ಮಣ್ಣು.
ಗಾಳಿ ಹೊಡೆದ, ಬೆರಳಿಂದ ಒತ್ತಿ ನೋಡಿದ
ಕಲ್ಲಂಗಡಿ ಆರಿಸುವವನ ಹಾಗೆ.
"ಸೆಪ್ಟೆಂಬರಿನಲ್ಲೇ ಯಾಕೆ?" ಅಂದ.
ನನಗೆ ಅರ್ಥವಾಗಲಿಲ್ಲ.

ಭಾನುವಾರ ಒಮ್ಮೆ ಹೋಗಿ ಬಂದೆ, ಅಳತೆಗೆ.
ಕೋಬರ್ಗಿನಿಂದ ಕಾರ್ಲ್ಟನ್ನಿನ ಹಲ್ಲಿನ ಆಸ್ಪತ್ರೆಗೆ
ಐವತ್ತೊಂದು ನಿಮಿಷ.
ದಾರಿ ತಪ್ಪಿದ್ದು ಆರು, ಚೈನು ಕಳಚಿದ್ದು ನಾಲ್ಕು,
ನಿಂತು ಉಸಿರೆಳೆದದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.
ಈ ನಿಮಿಷ ಎಣಿಸುವ ಚಾಳಿ ದಾವಣಗೆರೆಯದು:
ಬಾಡಿಗೆ ಅಂಗಡಿಯ ಏಳನೇ ನಂಬರಿನ ಸೈಕಲ್ಲು,
ಬ್ರೇಕಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿನ ಮೇಲೆ ಏಳು ಮಾತ್ರ ಇದೆ,
ಗಂಟೆಗೆ ಒಂದು ರೂಪಾಯಿ,
ಐದು ನಿಮಿಷ ಮೀರಿದರೆ ಮತ್ತೆ ನಾಲ್ಕಾಣೆ, ಬೈಗುಳ ಪುಕ್ಕಟೆ.
ಅದಾಗಿ ಮೂವತ್ತೆರಡು ವರ್ಷ
ಕೂತದ್ದೆಲ್ಲ ಯಾರೋ ಓಡಿಸುವ ಸೀಟು.

ಕಲಿತ ಸೈಕಲ್ಲು ಮರೆಯುವುದಿಲ್ಲ ಅನ್ನುತ್ತಾರೆ.
ನಿಜ. ಇಳಿಯುವುದನ್ನು ಮಾತ್ರ ಮರೆತಿದ್ದೆ.

ಸೋಮವಾರ ಅದು ಬೇರೆಯೇ ದಾರಿ.
ರೈಲು ಹಳಿಯ ಮಗ್ಗುಲಿಗೇ ಹೋಗುವ ಸೈಕಲ್ ಹಾದಿಯಲ್ಲಿ
ಎಡಕ್ಕಂಟಿ ನಾನು; ಬಲಕ್ಕೆ ಟ್ರಿಣ್ ಅನ್ನಿಸುತ್ತ
ಬಿಗಿಬಟ್ಟೆಯ ಹುಡುಗರು, ಮುಂದಿನ ಪೆಟ್ಟಿಗೆಯಲ್ಲಿ
ಎರಡು ಮಕ್ಕಳು ಒಂದು ನಾಯಿ ತುಂಬಿಕೊಂಡ ತಾಯಿ,
ಕೊನೆಗೆ ಹಳದಿ ಅಂಗಿಯ ಒಬ್ಬಳು ಅಜ್ಜಿ. ಅವಳೂ ದಾಟಿದಳು,
ದಾಟುತ್ತ "ಭೇಷ್, ಬಿಡಬೇಡ" ಅಂದಳು
ಮಗುವಿಗೆ ಅನ್ನ ತಿನ್ನಿಸುವ ದನಿಯಲ್ಲಿ.

ಹಾದಿ ಮುಗಿದು ರಾಯಲ್ ಪೆರೇಡ್. ಟ್ರ್ಯಾಮಿನ ಹಳಿ
ನೇರ ಅಡ್ಡ ದಾಟಬೇಕಂತೆ; ಓರೆಗೆ ಹೋದರೆ
ಗಾಲಿ ಕಚ್ಚಿ ಹಿಡಿಯುತ್ತದಂತೆ.
ಇಳಿದು ತಳ್ಳಿಕೊಂಡು ದಾಟಿದೆ.
ಬರೆದಿಡುವಂಥ ಶೌರ್ಯವಲ್ಲ. ಆದರೂ ಬರೆದಿದ್ದೇನೆ.

ನೂರಮೂವತ್ತನಾಲ್ಕು ಡಿಗ್ರಿ ಹಬೆಯಲ್ಲಿ
ಇಕ್ಕಳ, ಕನ್ನಡಿ, ಕೊಕ್ಕೆ ಬೇಯಿಸುವುದು ನನ್ನ ಕೆಲಸ.
ಅವತ್ತು ಇಕ್ಕಳಕ್ಕಿಂತ ಮೊದಲು ನಾನೇ ಬೆಂದಿದ್ದೆ.
ಬ್ರೊನ್ವಿನ್ ಏನೂ ಕೇಳದೆ ಟವೆಲ್ಲು ಚಾಚಿದಳು.

ಸಂಜೆ ತಿಳಿಯಿತು:
ನಗರಕ್ಕೆ ಹೋಗುವುದು ಇಳಿಜಾರು, ಮನೆಗೆ ಬರುವುದು ಏರು.
ಹನ್ನೊಂದು ವರ್ಷ ಇದೇ ಸಾಲಿನ ರೈಲಿನಲ್ಲಿ ಕೂತು
ಕಣ್ಣಿಗೆ ಕಾಣದ ಏರು
ಒಂದೇ ಸಂಜೆಗೆ ತೊಡೆಗೆ ಕಂಡಿತು.
ಅದರ ಮೇಲೆ ಬಡಗಣ ಗಾಳಿ, ಎದೆಗೆ ಕೈಕೊಟ್ಟು ನೂಕುವಂಥದ್ದು,
ಆ ಗಾಳಿಯಲ್ಲಿ ಯಾರದೋ ಒಲೆಯ ರೊಟ್ಟಿ, ಎಳ್ಳು.
ನಿಂತೆ. ಒಂದು ತಿಂದೆ. ಆ ನಿಮಿಷಗಳನ್ನೂ ಬಿಟ್ಟುಬಿಟ್ಟೆ.

ಮಂಗಳವಾರ, ಜ್ಯುವೆಲ್ ಸ್ಟೇಷನ್ನಿನ ಬಳಿಯ ನೀಲಗಿರಿ ಮರದಿಂದ
ಮೊದಲು ನೆರಳು ಬಂತು, ಆಮೇಲೆ ರೆಕ್ಕೆ,
ಆಮೇಲೆ ಹೆಲ್ಮೆಟ್ಟಿನ ಮೇಲೆ ಟಕ್ಕೆಂದು ಕೊಕ್ಕು.
ಕಪ್ಪು ಬಿಳಿಯ ಮ್ಯಾಗ್‌ಪೈ. ಮೇಲೆ ಗೂಡು, ಗೂಡಲ್ಲಿ ಮರಿ.
ನಾನೇನು ಮಾಡಿದ್ದೆ? ಅದರ ಬೀದಿಯಲ್ಲಿ ಹೋಗಿದ್ದೆ.

ಕೋಸಿಮೊ ನಕ್ಕ. "ಅದಕ್ಕೇ ಕೇಳಿದ್ದು, ಸೆಪ್ಟೆಂಬರಾ ಅಂತ.
ಮುಖ ನೆನಪಿಡುತ್ತವೆ ಅವು. ಇನ್ನು ನೀನು ಗೊತ್ತು."
ಟೊಮೇಟೊ ಗಿಡ ಕಟ್ಟುವ ಕೇಬಲ್ ಟೈಗಳನ್ನು
ಹೆಲ್ಮೆಟ್ಟಿನ ತೂತುಗಳಿಗೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿದ.
ಬುಧವಾರ ಮುಳ್ಳುಹಂದಿಯಾಗಿ ಹೋದೆ.
ಹಕ್ಕಿ ಹಾಗೂ ಬಂತು.
ಒಟ್ಟಿನಲ್ಲಿ, ಈ ಊರಲ್ಲಿ ನನ್ನ ಗುರುತಿರುವವರ ಪಟ್ಟಿಗೆ
ಒಂದು ಹೆಸರು ಹೆಚ್ಚಾಯಿತು.

ಗುರುವಾರ ಮಳೆ. ರೈಲು ಹಿಡಿದೆ.
ಕಿಟಕಿ ಪಕ್ಕ, ಬೆಚ್ಚಗೆ, ಯಾರೋ ಓಡಿಸುವ ಸೀಟು.
ಹೊರಗೆ ಹಳಿಯ ಮಗ್ಗುಲಲ್ಲಿ ಹಳದಿ ಬಣ್ಣವೊಂದು
ನೆನೆಯುತ್ತ ತುಳಿಯುತ್ತಿತ್ತು. ಆ ಅಜ್ಜಿಯೇ ಇರಬೇಕು.
ಭೇಷ್ ಅನ್ನೋಣವೆಂದರೆ ನಡುವೆ ಗಾಜು.
ಜ್ಯುವೆಲ್ ಬಂತು, ಬಿಟ್ಟಿತು. ಅದೇ ಮರ.
ನನ್ನ ಕತ್ತು ತಾನಾಗಿ ಬಗ್ಗಿತು.
ಎದುರಿಗೆ ಕೂತವನು ಫೋನಿನಿಂದ ತಲೆಯೆತ್ತಿ
ನನ್ನನ್ನು ನೋಡಿದ, ಆಮೇಲೆ ರೈಲಿನ ಚಾವಣಿಯನ್ನು.