ಮುನ್ನೂರು ಹಾಳೆ

ಬಸವಣ್ಯಪ್ಪನ ಕಾಲ ಹೇಗೆ ಮುಗಿಯಿತು ಅಂತ
ದುರ್ಗಿಗುಡಿಯ ಹೋಟೆಲಿನಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ.
ಕಬಡ್ಡಿ ಬಂತು, ಟೀವಿ ಬಂತು, ಮಂಡಿ ಸಾಹುಕಾರರು
ಕೈ ಬಿಗಿ ಮಾಡಿದರು, ದಾವಣಗೆರೆಯಲ್ಲೊಬ್ಬ
ಇವನಿಗಿಂತ ದೊಡ್ಡ ರಿಂಗು ಹಾಕಿದ.
ಹೌದು ಅನ್ನುತ್ತೇನೆ. ಕಾಫಿ ಅವರದು.

ನಾನು ಗಂಟೆ ಹೊಡೆಯುತ್ತಿದ್ದವನು.
ಹಗಲು ಗಾಂಧಿ ಬಜಾರಿನ ಮೆಟ್ಟಿಲ ಕೆಳಗೆ ಗಡಿಯಾರ ರಿಪೇರಿ,
ಪಂದ್ಯದ ರಾತ್ರಿ ರಿಂಗಿನ ಪಕ್ಕ ಒಂದು ಮೇಜು,
ಹಿತ್ತಾಳೆ ಗಂಟೆ, ಮರದ ಕೊಡತಿ, ಸ್ಟಾಪ್‌ವಾಚು.
ಟೈಮಪ್ಪ ಅಂತ ಹೆಸರಿಟ್ಟವನು ಅವನೇ.
ರೌಂಡಿಗೆ ಮೂರು ನಿಮಿಷ,
ಅವನು ಕರವಸ್ತ್ರ ತೆಗೆದು ಎಡಗಿವಿ ಒರೆಸದಿದ್ದರೆ.
ಒರೆಸಿದರೆ ಅಷ್ಟಕ್ಕೇ ಮುಗಿಯಿತು.

ಆಗ ಅವನನ್ನು ನೋಡಬೇಕಿತ್ತು ನೀವು.
ಎರಡೂ ಮೂಲೆಯ ಹುಡುಗರು ಅವನ ಸಾಲದಲ್ಲಿ;
ಬೂಟು ಅವನದು, ಹಲ್ಲಿನ ಗಾರ್ಡು ಅವನದು,
ಮುರಿದ ಮೂಗಿನ ಎಕ್ಸರೇ ದುಡ್ಡೂ ಅವನದೇ.
ಯಾರು ಗೆದ್ದರೂ ಗೆದ್ದವನು ಅವನು.
ಅದಕ್ಕೇ ಗುದ್ದಾಟ ಶುರುವಾದ ಮೇಲೆ
ರಿಂಗಿನ ಕಡೆ ನೋಡುತ್ತಲೇ ಇರಲಿಲ್ಲ,
ಕುರ್ಚಿ ತಿರುಗಿಸಿ ಜನ ಎಣಿಸುತ್ತಿದ್ದ.
ಬಾಜಿ ಕಟ್ಟಿದ ಹುಡುಗನಿಗೆ ಪೆಟ್ಟು ಬೀಳುತ್ತಿದ್ದರೆ
ಬೆನ್ನಿಗೇ ಕೇಳಿಸುತ್ತಿತ್ತು, ಕೈ ಜೇಬಿಗೆ ಹೋಗುತ್ತಿತ್ತು.

ಪಚ್ಚಿಯಮ್ಮ ಬಂದದ್ದು ಒಂದು ಬುಧವಾರ, ಅಲಾರಂ ಹಿಡಿದುಕೊಂಡು.
ಭದ್ರಾವತಿಯವಳು, ಕಾಗದದ ಕಾರ್ಖಾನೆಯಲ್ಲಿ ಹಾಳೆ ಎಣಿಸುವ ಕೆಲಸ.
ಮಗ ಅರುಳ್ ಹಿಂದಿನ ವಾರ ಸೋತಿದ್ದ.
ಅಲಾರಂ ಕೆಟ್ಟಿರಲಿಲ್ಲ.
‘ನಿಮಿಷಕ್ಕೆ ನೂರು ಹಾಳೆ ಎಣಿಸ್ತೀನಿ ಸಾರ್,
ಇಪ್ಪತ್ತೆರಡು ವರ್ಷದಿಂದ. ತಪ್ಪಿದ್ರೆ ಸಂಬಳ ಹಿಡೀತಾರೆ.
ನಿಮ್ಮ ಮೂರನೇ ರೌಂಡಿಗೆ ಇನ್ನೂರ ನಲವತ್ತೇ ಆಯ್ತಲ್ಲ,
ಮಿಕ್ಕ ಅರವತ್ತು ಎಲ್ಲಿ ಹೋಯ್ತು?’
ಜಗಳಕ್ಕೆ ಕೇಳಿದ್ದಲ್ಲ. ರೀಮಿನಲ್ಲಿ ಕಡಿಮೆ ಬಂದರೆ
ಮೇಸ್ತ್ರಿಯನ್ನು ಕೇಳುತ್ತಾರಲ್ಲ, ಹಾಗೆ.
ನಾನು ಗಾಜು ಒರೆಸಿದೆ. ಚೊಕ್ಕವಾಗಿಯೇ ಇದ್ದ ಗಾಜು.

ಮುಂದಿನ ಪಂದ್ಯಕ್ಕೆ ಗ್ಯಾಲರಿಯಲ್ಲಿ ಎಂಟು ಹೆಂಗಸರು,
ಪಾಳಿ ಮುಗಿಸಿ ಹಾಗೇ ಬಸ್ಸು ಹತ್ತಿದವರು.
ಮೂರನೇ ರೌಂಡು. ಅರುಳ್ ಒತ್ತಿಕೊಂಡು ಹೋಗುತ್ತಿದ್ದ.
ಕರವಸ್ತ್ರ ಹೊರಬಂತು.
ಮೇಲೆ ನೋಡಿದೆ: ಎಂಟು ಮಡಿಲಲ್ಲಿ
ಹೆಬ್ಬೆರಳು ಆಡುತ್ತಿತ್ತು, ಇಲ್ಲದ ಹಾಳೆ ಸರಿಸುತ್ತ.
ಕೊಡತಿ ಎತ್ತಿದ್ದೆ. ಇಳಿಸಲಿಲ್ಲ.
ಧೈರ್ಯ ಅನ್ನಬೇಡಿ. ಎಣಿಕೆ ಬಲ್ಲವರ ಮುಂದೆ
ತಪ್ಪು ಲೆಕ್ಕ ಒಪ್ಪಿಸಲು ಕೈಗೆ ನಾಚಿಕೆಯಾಯಿತು, ಅಷ್ಟೆ.
ಅವನು ಇನ್ನೊಮ್ಮೆ ಒರೆಸಿದ. ಮತ್ತೊಮ್ಮೆ. ಕಿವಿ ಕೆಂಪಾಯಿತು.
ಎದ್ದು ನಿಂತು ಒರೆಸಿದ.
ಮೊದಲು ನಕ್ಕವನು ಸೋಡಾ ಮಾರುವ ಹುಡುಗ.

ಆ ಮೂವತ್ತಾರು ಸೆಕೆಂಡಿನಲ್ಲಿ ಏನಾಯಿತು ಅಂತ ಕೇಳುತ್ತೀರಿ.
ಏನೂ ಆಗಲಿಲ್ಲ. ಯಾರೂ ಬೀಳಲಿಲ್ಲ.
ಇಬ್ಬರು ಹುಡುಗರು ಸುಸ್ತಾಗಿ ಒಬ್ಬರ ಹೆಗಲ ಮೇಲೊಬ್ಬರು
ಗದ್ದ ಇಟ್ಟು ನಿಂತಿದ್ದರು,
ರಾತ್ರಿ ಬಸ್ಸಿನಲ್ಲಿ ನಿದ್ದೆ ಹೋದ ಅಪರಿಚಿತರ ಹಾಗೆ.
ಆದರೆ ಇಡೀ ಊರು ಕರವಸ್ತ್ರ ನೋಡಿಬಿಟ್ಟಿತ್ತು.

ಆಮೇಲೆ ಹುಡುಗರು ಮುಂಗಡ ಕೇಳಿದರು. ಸೋಡಾದವನೂ ಕೇಳಿದ.
ಮುಂದಿನ ಸಾಲಿನಲ್ಲಿ ಅವನ ಕುರ್ಚಿಯನ್ನು ಯಾರೂ ಎತ್ತಲಿಲ್ಲ,
ಅಕ್ಕಪಕ್ಕದವು ಒಂದೊಂದಾಗಿ ಖಾಲಿಯಾದವು.
ನನ್ನನ್ನು ಅವನು ಬಯ್ಯಲೂ ಇಲ್ಲ.

ಮೊನ್ನೆ ಅಂಗಡಿಗೆ ಬಂದ. ವಾಚು ಸರಿಯಾಗಿತ್ತು,
ಬೆಲ್ಟಿಗೆ ಇನ್ನೊಂದು ತೂತು ಬೇಕಿತ್ತು; ಮಣಿಕಟ್ಟು ಸಣ್ಣಗಾಗಿದೆ.
ಹಾಕಿಕೊಟ್ಟೆ. ಹತ್ತು ರೂಪಾಯಿ ಅಂದೆ.
ಜೇಬಿಗೆ ಕೈ ಹಾಕಿದ. ದುಡ್ಡಿಗಿಂತ ಮೊದಲು ಕರವಸ್ತ್ರ ಬಂತು,
ಬೆವರು ಒರೆಸಿಕೊಂಡ, ಬರೀ ಬೆವರು.

ನನ್ನ ಬಲಗೈ ಮೇಜಿನಿಂದ
ತಾನಾಗೇ ಎದ್ದಿತ್ತು.