ಭೂತಗನ್ನಡಿ

ರಿಯೋನಿ ನದಿಯ ದಂಡೆಯ ಆಸ್ಪತ್ರೆಯಲ್ಲಿ
ಹೆಂಗಸರ ವಾರ್ಡಿಗೆ ಒಂದೇ ಒಲೆ,
ಹದಿನೇಳು ಮಂಚ, ಹನ್ನೆರಡು ಕಂಬಳಿ.
ಲೆಕ್ಕ ಕೇಳಬೇಡಿ.
ಚಳಿ ಹೆಚ್ಚಾದರೆ ಇಬ್ಬಿಬ್ಬರು ಒಂದೇ ಹೊದಿಕೆಯೊಳಗೆ
ಬೆನ್ನಿಗೆ ಬೆನ್ನು ಕೊಟ್ಟು ಮಲಗುತ್ತಾರೆ.
ಒಬ್ಬಳ ಕನಸು ಇನ್ನೊಬ್ಬಳಿಗೆ ಅಂಟುವುದಿಲ್ಲ,
ಮಿಕ್ಕದ್ದೆಲ್ಲ ಅಂಟುತ್ತದೆ.

ನಾನು ಲಾಮಾರಾ, ರಾತ್ರಿಪಾಳಿಯ ನರ್ಸು.
ಮನಸ್ಸನ್ನು ಡಾಕ್ಟರು ನೋಡಿಕೊಳ್ಳುತ್ತಾರೆ,
ನನ್ನ ಪಾಲಿಗೆ ಬಂದದ್ದು ಚರ್ಮ.

ತ್ಸಿಯಾಲಾಳ ಕೈ, ದಿನಕ್ಕೆ ನಲವತ್ತು ಸಲ ತೊಳೆದು
ಬೇಯಿಸಿದ ಬೀಟ್‌ರೂಟಿನ ಬಣ್ಣ.
ಸೋಪು ಬಚ್ಚಿಟ್ಟರೆ ಒಲೆಯ ಬೂದಿಯಲ್ಲಿ ತಿಕ್ಕುತ್ತಾಳೆ.
ಏತೆರಿಯ ಮೊಣಕೈ ಮೇಲೆ ಬೆಳ್ಳಿ ಹೊಪ್ಪಳೆ;
ಮನಸ್ಸನ್ನು ತೂಕ ತಪ್ಪದಂತೆ ಹಿಡಿದ ಗುಳಿಗೆ
ಮೈಯಿಂದ ವಸೂಲು ಮಾಡಿದ ಬಡ್ಡಿ.
ಮುದುಕಿ ನಾತೇಲಾ ಮೂವತ್ತು ವರ್ಷ ಅದೇ ಮಾತ್ರೆ ನುಂಗಿ
ಬಿಸಿಲು ತಾಗಿದಲ್ಲೆಲ್ಲ ಸೀಸದ ಬಣ್ಣಕ್ಕೆ ತಿರುಗಿದ್ದಾಳೆ.
"ಆಗಲೇ ಅರ್ಧ ಪ್ರತಿಮೆ ಆಗಿದೀನಿ, ಕಲ್ಲು ಮಾತ್ರ ಬಾಕಿ" ಅನ್ನುತ್ತಾಳೆ.
ಯಾರೂ ನಗದಿದ್ದರೆ ತಾನೇ ನಗುತ್ತಾಳೆ.

ಹೇಳಹೊರಟದ್ದು ಇವರದಲ್ಲ, ಜುಜುನಾಳದು.
ಚಹಾ ತೋಟದಲ್ಲಿ ಎಲೆ ಕೀಳುತ್ತಿದ್ದವಳು;
ತೋಟ ಮುಚ್ಚಿ ಕಾಲವಾಯಿತು, ಬೆರಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ,
ತನ್ನದೇ ತೋಳಿನ ಚಿಗುರು ಕೀಳುತ್ತದೆ.
ಅಕ್ಟೋಬರಿನಿಂದ ಒಂದೇ ಮಾತು:
"ಮೈಯೊಳಗೆ ಯಾರೋ ನಡೀತಿದಾರೆ, ಮಗಳೇ.
ಸಣ್ಣ ಸಣ್ಣ ಹೆಜ್ಜೆ. ರಾತ್ರಿ ಹೊತ್ತು."

ಸಾಕ್ಷಿಗೆ ಒಂದು ಬೆಂಕಿಪೊಟ್ಟಣ ತಂದಳು.
ಡಾಕ್ಟರ್ ಒತಾರ್ ತೆರೆದರು.
ಒಂದಿಷ್ಟು ಹೊಟ್ಟು, ಕಂಬಳಿಯ ಎಳೆ, ಒಂದು ಕಪ್ಪು ಚುಕ್ಕೆ.
ಪುಸ್ತಕದಲ್ಲಿರುವ ಹಾಗೇ ಇದೆ ಎಂದರು,
ಪೊಟ್ಟಣವನ್ನೂ ಸೇರಿಸಿ.
ಹುಳದ ಭ್ರಮೆ. ಮಾತ್ರೆ ಹೆಚ್ಚಿಸಿ.
ಬರೆದುಕೊಂಡವಳು ನಾನು,
ನುಂಗಿಸಿದವಳು ನಾನು.
ಇನ್ನೊಂದು ವಾರ, ಇನ್ನೊಂದು ಪೊಟ್ಟಣ, ಇನ್ನರ್ಧ ಮಾತ್ರೆ.
ಜೊಲ್ಲು ಸುರಿಯಿತು, ಚಮಚ ನಡುಗಿತು,
ತುರಿಸುವಾಗ ಮಾತ್ರ ಕೈ ನಡುಗಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?
ಬೇಕು.
ಹುಣ್ಣು ಹುಚ್ಚಿಯ ಅಂಗೈಯಲ್ಲಿದ್ದರೆ ಬೇಕು.
ಮೊಹರು ಬೇಕು, ರುಜು ಬೇಕು,
ಹುಚ್ಚಿಲ್ಲದ ಒಬ್ಬರಿಗಾದರೂ ತುರಿಸಬೇಕು.

ತುರಿಸಿತು.
ಫೆಬ್ರವರಿಯಲ್ಲಿ, ನನಗೆ,
ಬೆರಳ ಸಂದಿಯಲ್ಲಿ, ಗಡಿಯಾರದ ಪಟ್ಟಿಯಡಿ.
ಗುರುವಾರವೇ ಪೇಟೆಯಿಂದ ಚರ್ಮದ ಡಾಕ್ಟರು ಬಂದರು.
ನಿನಗೆ ಯಾರ ದನಿ ಕೇಳಿಸುತ್ತದೆ,
ಯಾವ ಮಾತ್ರೆ ಬಿಟ್ಟೆ ಎಂದು
ನನ್ನನ್ನು ಯಾರೂ ಕೇಳಲಿಲ್ಲ.
ಎರಡು ನಿಮಿಷ. ಭೂತಗನ್ನಡಿ ಹಿಡಿದರು.
ಭೂತ ಇರಲಿಲ್ಲ ಅದರಲ್ಲಿ.
ಪೆನ್ಸಿಲಿನಲ್ಲಿ ಗೀಚಿದಂಥ ಗೆರೆ, ತುದಿಯಲ್ಲೊಂದು ಚುಕ್ಕೆ.
ಕಜ್ಜಿ, ಎಂದರು.
ನಾನು ಗೆರೆಯನ್ನೇ ನೋಡಿದೆ:
ಯಾರೋ ನಡೆದು ಹೋದ ದಾರಿ.

ಮೂರು ರಾತ್ರಿ ಇಡೀ ವಾರ್ಡಿಗೆ ಗಂಧಕದ ಮುಲಾಮು,
ಕುತ್ತಿಗೆಯಿಂದ ಅಂಗಾಲಿನ ತನಕ.
ಹಂಡೆಯಲ್ಲಿ ಕಂಬಳಿಗಳು ಕುದಿಯುತ್ತಿದ್ದವು.
ನಾತೇಲಾ ದರ್ಜಿಯ ಮುಂದೆ ಅಳತೆ ಕೊಡುವವಳ ಹಾಗೆ ತೋಳೆತ್ತಿ ನಿಂತಳು.
ತ್ಸಿಯಾಲಾ ತೊಳೆಯದೆ ಇರಲು ಕೈಗಳ ಮೇಲೆ ಕೂತುಬಿಟ್ಟಳು.
ಏತೆರಿ ಅತ್ತಳು. ಉರಿಯುತ್ತಾ ಎಂದೆ.
ಇಲ್ಲ, ಬೆನ್ನು ಮುಟ್ಟಿ ಎಷ್ಟು ವರ್ಷ ಆಯ್ತು ಅಂತ
ಲೆಕ್ಕ ಹಾಕ್ತಿದ್ದೆ, ಎಂದಳು.

ಜುಜುನಾಗೆ ಹೇಳಿದೆ: ನೀನಂದದ್ದು ನಿಜ ಇತ್ತು.
ಅವಳಿಗೇನೂ ಸಂತೋಷವಾಗಲಿಲ್ಲ.
"ನನಗೆ ಗೊತ್ತಿತ್ತಲ್ಲ" ಎಂದಳು.
ಈಗ ಹೆಜ್ಜೆ ನಿಂತಿದೆಯಾ?
"ನಿಂತಿದೆ. ಹೋಗುವಾಗ ಬಾಗಿಲು ಮುಚ್ಚಿಕೊಂಡು ಹೋಗಲಿಲ್ಲ."

ಕಡತದಲ್ಲಿ ಕಜ್ಜಿ ಎಂದು ಸೇರಿಸಿದ್ದಾರೆ.
ಮೇಲಿನ ಸಾಲು ಹೊಡೆದು ಹಾಕಿಲ್ಲ.

ಈಗಲೂ ವಾರಕ್ಕೊಂದು ಪೊಟ್ಟಣ ಕೊಡುತ್ತಾಳೆ.
ಕಿಟಕಿಯ ಬಳಿ ತೆರೆದು, ಕನ್ನಡಿ ಹಿಡಿದು, ಪೂರ್ತಿ ನೋಡುತ್ತೇನೆ.
ಧೂಳು. ಒಮ್ಮೆ ರೆಪ್ಪೆಗೂದಲು.
ನಿನ್ನೆಯದರಲ್ಲಿ ಒಂದೇ ಒಂದು ಬೆಂಕಿಕಡ್ಡಿ,
ಗೀರದ್ದು.
ವರದಿ ಬರೆಯಬೇಕಿತ್ತು.
ಒಲೆ ಹಚ್ಚಿದೆ.